ಎರಡು ಸಲ ತೂಗಿದ ಬೆಳ್ಳಿ

(ಅನ್ನೂರಿನಲ್ಲಿ ಸೇರಿದ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ. ಓದಿದ ವಾಕ್ಯಭಾಗ: ಎಜ್ರ 8:24–34)



ವಾಲ್ಪಾರೆಯ ತೋಟಗಳಿಂದ ಬಂದವರು ಇಲ್ಲಿದ್ದೀರಿ. ಮೇಟ್ಟುಪಾಳ್ಯದ ಮೇಲೆ ನೀಲಗಿರಿಯಿಂದ ಇಳಿದು ಬಂದವರೂ ಇದ್ದೀರಿ. ತೋಟದ ಕೆಲಸ ಮುಗಿಸಿ, ಲೈನು ಮನೆಯ ಬೀಗದ ಕೈ ಒಪ್ಪಿಸಿ, ಅನ್ನೂರಿನ ಸುತ್ತ ನೆಲೆಸಿದ ಹಿರಿಯರೂ, ಸತ್ಯಮಂಗಲ ದಾಟಿ ದಿಂಬಂ ಘಾಟಿಯ ಆಚೆ ಚಾಮರಾಜನಗರದ ಕಡೆ ಬಂಧುಗಳಿರುವವರೂ ಇದ್ದೀರಿ. ನಾವೆಲ್ಲರೂ ಒಂದಲ್ಲ ಒಂದು ಸಲ ಮನೆ ಬದಲಿಸಿದವರೇ. ಈ ದಿನ ನಾನು ಮಾತನಾಡಬೇಕೆಂದಿರುವುದು ಮನುಷ್ಯರು ಮನೆ ಬದಲಿಸುವ ವಿಷಯವಲ್ಲ, ಲೆಕ್ಕದ ಪುಸ್ತಕಗಳು ಮನೆ ಬದಲಿಸುವ ವಿಷಯ.

ಎಜ್ರನ ಪುಸ್ತಕದಿಂದ ಓದಿದ ಭಾಗವನ್ನು ಕೇಳಿದಿರಿ. ಇಷ್ಟು ಬೆಳ್ಳಿ, ಇಷ್ಟು ಬಂಗಾರ, ಇಷ್ಟು ಬಟ್ಟಲು. ಇದೇನು, ಬರೀ ಲೆಕ್ಕ ಎಂದು ಕೆಲವರಿಗೆ ಅನಿಸಿರಬಹುದು. ಪ್ರಸಂಗಕ್ಕೆ ಈ ಭಾಗವನ್ನು ಆರಿಸುವವರು ಕಡಿಮೆ. ಆದರೆ ಕೂಲಿಯಿಂದ ಬದುಕುವವರಿಗೆ ಇದು ಬಹಳ ಹತ್ತಿರದ ಮಾತು.

ಅದು ಬಾಬೆಲಿನ ಸೀಮೆಯಿಂದ ಜನರು ಸ್ವದೇಶಕ್ಕೆ ಹಿಂದಿರುಗುತ್ತಿದ್ದ ಕಾಲ. ಅರಸನಾದ ಅರ್ತಷಸ್ತನ ಅಪ್ಪಣೆ ಪಡೆದು ಎಜ್ರನು ಒಂದು ಗುಂಪನ್ನು ಯೆರೂಸಲೇಮಿಗೆ ಕರೆದುಕೊಂಡು ಹೊರಟನು. ದೇವಾಲಯಕ್ಕೆ ಸೇರಬೇಕಾದ ಕಾಣಿಕೆ ಅವರ ಬಳಿ ಇತ್ತು. ಬೆಳ್ಳಿ 650 ತಲಾಂತು, ಬಂಗಾರ 100 ತಲಾಂತು, ಬೆಳ್ಳಿಯ ಪಾತ್ರೆಗಳು 100 ತಲಾಂತು, ಬಂಗಾರದ ಬಟ್ಟಲು 20, ಬಂಗಾರದಷ್ಟೇ ಬೆಲೆಯುಳ್ಳ ತಾಮ್ರದ ಪಾತ್ರೆ 2. ದಾರಿ ಸುಮಾರು ನಾಲ್ಕು ತಿಂಗಳಿನದು. ದಾರಿಯಲ್ಲಿ ಹೊಂಚುಹಾಕುವವರ ಭಯ. ಅರಸನನ್ನು ಕೇಳಿದ್ದರೆ ಕುದುರೆ ಸವಾರರು ಸಿಕ್ಕುತ್ತಿದ್ದರು. ಆದರೆ ದೇವರು ಕಾಯುತ್ತಾನೆಂದು ಅರಸನ ಮುಂದೆಯೇ ಸಾಕ್ಷಿ ಹೇಳಿದ್ದ ಎಜ್ರನಿಗೆ ಸೈನ್ಯ ಕೇಳಲು ನಾಚಿಕೆಯಾಯಿತು. ಅಹವಾ ನದಿಯ ಬಳಿ ಎಲ್ಲರೂ ಉಪವಾಸವಿದ್ದು ಪ್ರಾರ್ಥಿಸಿದರು.

ಪ್ರಾರ್ಥನೆ ಮುಗಿದ ಮೇಲೆ ಎಜ್ರನು ಏನು ಮಾಡಿದನು? ಎಲ್ಲವನ್ನೂ ತೂಕ ಹಾಕಿದನು. ಹನ್ನೆರಡು ಮಂದಿ ಯಾಜಕರನ್ನು ಬೇರೆ ನಿಲ್ಲಿಸಿ, ಅವರ ಕೈಗೆ ತೂಗಿ ಒಪ್ಪಿಸಿದನು. ಅಲ್ಲಿ ಮತ್ತೆ ತೂಗಿ ಒಪ್ಪಿಸುವ ತನಕ ಎಚ್ಚರವಾಗಿ ಕಾಯಬೇಕೆಂದು ಹೇಳಿದನು. ಯೆರೂಸಲೇಮಿಗೆ ಬಂದು ಮೂರು ದಿನ ಸುಧಾರಿಸಿಕೊಂಡರು. ನಾಲ್ಕನೆಯ ದಿನ ದೇವಾಲಯದಲ್ಲಿ ಯಾಜಕನಾದ ಮೆರೇಮೋತನ ಮುಂದೆ, ಲೇವಿಯರು ಸಾಕ್ಷಿಯಾಗಿ ನಿಂತಿರಲು, ಎಲ್ಲವನ್ನೂ ಎಣಿಸಿದರು, ತೂಗಿದರು, ಆ ತೂಕವನ್ನು ಅಲ್ಲಿಯೇ ಬರೆದಿಟ್ಟರು.

ಇದನ್ನು ಗಮನಿಸಿರಿ. ಸೈನ್ಯ ಕೇಳಲು ನಾಚಿದ ಎಜ್ರನು ತೂಕ ಹಾಕಲು ನಾಚಲಿಲ್ಲ. ಯಾಜಕರ ಮೇಲೆ ಅನುಮಾನಪಟ್ಟು ತೂಗಿದನೆಂದು ಯಾರೂ ಹೇಳಲಿಲ್ಲ. ದೇವರಲ್ಲಿ ನಂಬಿಕೆಯಿಡುವುದೂ ತಕ್ಕಡಿಯ ಮುಳ್ಳು ನೋಡುವುದೂ ಅವನಿಗೆ ಒಂದಕ್ಕೊಂದು ವಿರೋಧವಾಗಿರಲಿಲ್ಲ.

ಎಲೆ ಕೊಯ್ಯುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ದ ಎಲೆಯನ್ನು ತೋಟದಲ್ಲಿ ತೂಗುತ್ತಾರೆ, ಲಾರಿಗೆ ಹಾಕುತ್ತಾರೆ, ಕಾರ್ಖಾನೆಯಲ್ಲಿ ಮತ್ತೆ ತೂಗುತ್ತಾರೆ. ಚೀಲದ ತೂಕ ಕಳೆಯುತ್ತಾರೆ, ಮಳೆಗಾಲದಲ್ಲಿ ನೀರಿನ ತೂಕವನ್ನೂ ಕಳೆಯುತ್ತಾರೆ. ತಕ್ಕಡಿಯ ಹತ್ತಿರ ನಿಂತು ಮುಳ್ಳು ನೋಡುವ ಹೆಂಗಸಿಗೂ, ಚೀಲ ಇಟ್ಟು ಹೊರಟುಹೋಗುವ ಹೆಂಗಸಿಗೂ ತಿಂಗಳ ಕೊನೆಯಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆಂದು ನಿಮಗೆ ಗೊತ್ತು.

ಈಗ ನಮ್ಮ ಕಾಲದ ಸಂಗತಿಗೆ ಬರುತ್ತೇನೆ. ದೊಡ್ಡ ಕಂಪನಿಗಳೂ ಸರ್ಕಾರದ ಇಲಾಖೆಗಳೂ ತಮ್ಮ ಹಳೆಯ ಲೆಕ್ಕದ ಏರ್ಪಾಟುಗಳನ್ನು ಹೊಸ ಜಾಗಕ್ಕೆ ಸಾಗಿಸುತ್ತಿವೆ. ಮೊದಲು ಲೆಕ್ಕ ಕಾಗದದಲ್ಲಿತ್ತು. ಆಮೇಲೆ ಕಚೇರಿಯ ಕಂಪ್ಯೂಟರಿಗೆ ಬಂತು. ಕಂಪ್ಯೂಟರಿಗೆ ಹೀಗೆ ಕೂಡು, ಹೀಗೆ ಕಳೆ ಎಂದು ಹೇಳಿಕೊಡುವ ಬರಹಕ್ಕೆ ತಂತ್ರಾಂಶ ಎಂದು ಹೆಸರು. ಈಗ ಆ ತಂತ್ರಾಂಶವೂ ಲೆಕ್ಕವೂ ಕಚೇರಿಯನ್ನು ಬಿಟ್ಟು ಕ್ಲೌಡ್ ಎಂಬಲ್ಲಿಗೆ ಹೋಗುತ್ತಿವೆ. ಕ್ಲೌಡ್ ಎಂದರೆ ಮೋಡ. ಹೆಸರು ಕೇಳಿ ಅದೇನೋ ಆಕಾಶದಲ್ಲಿದೆ ಎಂದುಕೊಳ್ಳಬೇಡಿ. ಅದು ನೆಲದ ಮೇಲೆಯೇ ಇದೆ. ದೂರದ ಊರಿನ ದೊಡ್ಡ ಕಟ್ಟಡದಲ್ಲಿ, ತಂಪು ಗಾಳಿ ಬಿಟ್ಟ ಕೋಣೆಗಳಲ್ಲಿ ಸಾಲುಸಾಲಾಗಿ ಇಟ್ಟಿರುವ ಯಂತ್ರಗಳೇ ಅದು. ಕೌಂಟರಿನಲ್ಲಿರುವ ಕಂಪ್ಯೂಟರು ತಂತಿಯ ಮೂಲಕ ಅಲ್ಲಿಗೆ ಕೇಳಿ ಉತ್ತರ ತರುತ್ತದೆ. ಒಂದೊಂದು ಮನೆಗೂ ಒಂದು ಬಾವಿ ಇದ್ದದ್ದು ಹೋಗಿ, ಊರಿಗೆಲ್ಲ ಒಂದೇ ದೊಡ್ಡ ತೊಟ್ಟಿಯಿಂದ ನಲ್ಲಿ ಬಂದ ಹಾಗೆ.

ನಮಗೆಲ್ಲ ಗೊತ್ತಿರುವ ಒಂದು ಇಲಾಖೆಯಲ್ಲಿ ಇದು ಈಚೆಗೆ ನಡೆಯಿತು. ಅದು ಅಂಚೆ ಇಲಾಖೆ. ಊರಿಗೆ ಮನಿಯಾರ್ಡರು ಕಳಿಸಿದ್ದು, ಮಗಳ ಹೆಸರಿನಲ್ಲಿ ತಿಂಗಳಿಗಿಷ್ಟೆಂದು ಕಟ್ಟಿದ್ದು ಎಲ್ಲವೂ ಆ ಕೌಂಟರಿನಲ್ಲಿಯೇ. ಅಲ್ಲಿ ಹಿಂದೆ ಓಡುತ್ತಿದ್ದ ಒಂದು ತಂತ್ರಾಂಶದ ಹೆಸರು ಮೇಘದೂತ. ಅದನ್ನು ಬೆಳೆಸಿದವರು ಮೈಸೂರಿನ ಅಂಚೆ ತರಬೇತಿ ಕೇಂದ್ರದಲ್ಲಿದ್ದ ಇಲಾಖೆಯ ನೌಕರರೇ. 2012ರಲ್ಲಿ ಕೇಂದ್ರ ಸರ್ಕಾರ ಸುಮಾರು 4,909 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ದೊಡ್ಡ ಖಾಸಗಿ ಕಂಪನಿಗಳ ತಂತ್ರಾಂಶ ಬಂತು. ಉಳಿತಾಯ ಖಾತೆಗಳು ಒಂದೊಂದೇ ಕಚೇರಿಯಿಂದ ಕೇಂದ್ರದ ಗಣಕಕ್ಕೆ ಸೇರಿದವು. ಹತ್ತು ಹನ್ನೆರಡು ವರ್ಷಗಳಲ್ಲಿ ಆ ಏರ್ಪಾಟೂ ಹಳೆಯದಾಯಿತು.

ಆಗ ಇಲಾಖೆಯು ತನ್ನದೇ ತಂತ್ರಜ್ಞಾನ ಕೇಂದ್ರದಿಂದ ಹೊಸ ತಂತ್ರಾಂಶವನ್ನು ಮಾಡಿಸಿತು. ಅದಕ್ಕೆ ಎ.ಪಿ.ಟಿ. ಎಂದು ಹೆಸರು. ಅದನ್ನು ಇಟ್ಟಿರುವುದು ಭಾರತ ಸರ್ಕಾರದ ಮೇಘರಾಜ್ ಎಂಬ ಕ್ಲೌಡಿನಲ್ಲಿ. ತಂತಿಯ ಸಂಪರ್ಕ ಬಿ.ಎಸ್.ಎನ್.ಎಲ್.ನದು. ಮೇಘದೂತ ಹೋಗಿ ಬಹುಕಾಲದ ಮೇಲೆ ಮೇಘರಾಜ ಬಂದ ಹಾಗಾಯಿತು. 2025ರ ಮೇ, ಜೂನ್ ತಿಂಗಳಲ್ಲಿ ಮೊದಲು ಕರ್ನಾಟಕದಲ್ಲಿ ಪರೀಕ್ಷೆ ಮಾಡಿದರು. ಮೈಸೂರು, ಬಾಗಲಕೋಟೆ ಪ್ರಧಾನ ಅಂಚೆ ಕಚೇರಿಗಳೂ ಅವುಗಳ ಕೆಳಗಿನ ಕಚೇರಿಗಳೂ ಆ ಪರೀಕ್ಷೆಯಲ್ಲಿದ್ದವು. ತೊಡಕುಗಳು ಕಂಡುಬಂದವು, ಅವನ್ನು ತಿದ್ದಿದರು. ನಂತರ ವಲಯ ವಲಯವಾಗಿ ಮುಂದುವರಿದು, 2025ರ ಆಗಸ್ಟ್ 4ರಂದು 23 ಅಂಚೆ ವಲಯಗಳೂ ಹೊಸದಕ್ಕೆ ದಾಟಿದವು. 1 ಲಕ್ಷ 70 ಸಾವಿರಕ್ಕೂ ಹೆಚ್ಚು ಕಚೇರಿಗಳು, ತರಬೇತಿ ಪಡೆದ ನೌಕರರು 4 ಲಕ್ಷ 60 ಸಾವಿರಕ್ಕೂ ಹೆಚ್ಚು. ದಾಟುವ ಮುನ್ನ ಅನೇಕ ಕಚೇರಿಗಳಲ್ಲಿ ಒಂದು ದಿನ ವ್ಯವಹಾರ ನಿಲ್ಲಿಸಿದರು. ಆ ದಿನ ಕೌಂಟರಿನ ಮುಂದೆ ಬಂದು ಬರಿಗೈಯಲ್ಲಿ ಹಿಂದಿರುಗಿದವರಿಗೆ ಬೇಸರವಾಗಿದ್ದರೆ ಅದು ಸಹಜ. ಆದರೆ ಆ ನಿಲುಗಡೆ ಸೋಮಾರಿತನದಿಂದ ಆದದ್ದಲ್ಲ. ತಕ್ಕಡಿಯಲ್ಲಿ ಚೀಲ ಇರುವಾಗ ಯಾರೂ ಹೊಸ ಎಲೆ ಸುರಿಯಬಾರದಲ್ಲವೇ? ಹಾಗೆಯೇ ಲೆಕ್ಕ ಸಾಗಿಸುವ ಹೊತ್ತಿಗೆ ಹೊಸ ಲೆಕ್ಕ ಸೇರಬಾರದು.

ಇಂಥ ಸಾಗಣೆಯನ್ನು ಬಲ್ಲವರು ಹೇಗೆ ಮಾಡುತ್ತಾರೆ? ಮೊದಲು ಹಳೆಯ ಲೆಕ್ಕದಲ್ಲಿ ಎಷ್ಟು ಖಾತೆ, ಎಷ್ಟು ಹಣ ಎಂದು ಎಣಿಸುತ್ತಾರೆ. ತಪ್ಪು ಹೆಸರು, ಎರಡು ಸಲ ಬರೆದ ಹೆಸರು ಇದ್ದರೆ ತಿದ್ದುತ್ತಾರೆ. ಹಳೆಯ ಪುಸ್ತಕದ ಯಾವ ಕಲಮು ಹೊಸ ಪುಸ್ತಕದ ಯಾವ ಕಲಮಿಗೆ ಹೋಗಬೇಕೆಂದು ಗೊತ್ತುಮಾಡುತ್ತಾರೆ. ಕೆಲವು ಕಡೆ ಮಾತ್ರ ನಡೆಸಿ ನೋಡುತ್ತಾರೆ. ಆಮೇಲೆ ಎಲ್ಲವನ್ನೂ ಸಾಗಿಸಿ, ಆಚೆಯ ದಡದಲ್ಲಿ ಮತ್ತೆ ಎಣಿಸುತ್ತಾರೆ. ಎರಡು ಎಣಿಕೆಯೂ ಒಂದೇ ಆಗುವ ತನಕ ಹಳೆಯದನ್ನು ಎಸೆಯುವುದಿಲ್ಲ. ಕಂಪ್ಯೂಟರು ಹೊಸದು, ಕ್ರಮ ಮಾತ್ರ ಅಹವಾ ನದಿಯ ಕ್ರಮವೇ.

ಈ ಕ್ರಮವನ್ನು ಅವಸರದಲ್ಲಿ ಬಿಟ್ಟಾಗ ಏನಾಗುತ್ತದೆ? ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ಸರ್ಕಾರಿ ಆಸ್ಪತ್ರೆಗಳ ಸಂಬಳದ ಲೆಕ್ಕವನ್ನು 2010ರ ಮಾರ್ಚ್ ತಿಂಗಳಲ್ಲಿ ಹಳೆಯ ತಂತ್ರಾಂಶದಿಂದ ಹೊಸದಕ್ಕೆ ಬದಲಿಸಿದರು. ಸಾಕಷ್ಟು ಪರೀಕ್ಷೆ ಆಗಿರಲಿಲ್ಲ. ಸುಮಾರು 78,000 ನೌಕರರು. ಸಂಬಳದ ದಿನ ಕೆಲವರಿಗೆ ಕಡಿಮೆ ಬಂತು, ಕೆಲವರಿಗೆ ಹೆಚ್ಚು ಬಂತು, ಕೆಲವರಿಗೆ ಏನೂ ಬರಲಿಲ್ಲ. ರಾತ್ರಿ ಪಾಳಿ ಮಾಡಿದ ದಾದಿಯರು ಬಾಡಿಗೆ ಕೊಡಲು ಪರದಾಡಿದರು. ಹೆಚ್ಚು ಬಂದವರನ್ನು ಆಮೇಲೆ ಹಿಂದಕ್ಕೆ ಕೊಡಿರೆಂದು ಕೇಳಿದರು. 2013ರ ವಿಚಾರಣಾ ಆಯೋಗದ ಹೊತ್ತಿಗೆ ಅದನ್ನು ಸರಿಪಡಿಸುವ ಖರ್ಚು ನೂರು ಕೋಟಿ ಡಾಲರನ್ನು ಮೀರುವುದೆಂದು ಲೆಕ್ಕ ಹಾಕಿದ್ದರು.

ಇಂಗ್ಲೆಂಡಿನಲ್ಲಿ ಇನ್ನೂ ದುಃಖದ ಸಂಗತಿ ನಡೆಯಿತು. ಅಲ್ಲಿನ ಅಂಚೆ ಕಚೇರಿಗಳಿಗೆ 1999ರಿಂದ ಹೊರೈಜನ್ ಎಂಬ ಕಂಪ್ಯೂಟರ್ ಲೆಕ್ಕ ಬಂತು. ಅದರ ದೋಷದಿಂದ ಹಣ ಕಡಿಮೆ ಇರುವಂತೆ ತೋರಿಸುತ್ತಿತ್ತು. ಯಂತ್ರ ತಪ್ಪು ಮಾಡದು, ಮನುಷ್ಯನೇ ಕಳ್ಳ ಎಂದು ಮೇಲಿನವರು ತೀರ್ಮಾನಿಸಿದರು. ವರ್ಷಗಳುದ್ದಕ್ಕೂ 900ಕ್ಕಿಂತ ಹೆಚ್ಚು ಮಂದಿ ಸಣ್ಣ ಅಂಚೆ ಕಚೇರಿ ನಡೆಸುವವರಿಗೆ ಕಳ್ಳತನ, ಸುಳ್ಳು ಲೆಕ್ಕ ಎಂದು ಶಿಕ್ಷೆಯಾಯಿತು. ಕೆಲವರು ಸೆರೆಮನೆಗೆ ಹೋದರು. ಆಲನ್ ಬೇಟ್ಸ್ ಎಂಬವರೂ ಅವರ ಜೊತೆಯವರೂ, ಒಟ್ಟು 555 ಮಂದಿ ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ನ್ಯಾಯಾಧೀಶರು ಯಂತ್ರದಲ್ಲಿ ದೋಷವಿತ್ತೆಂದು ತೀರ್ಪು ಕೊಟ್ಟರು. 2024ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಆ ಶಿಕ್ಷೆಗಳನ್ನು ಅಳಿಸಿತು. ಒಬ್ಬೊಬ್ಬರೇ ಇದ್ದಾಗ ಪ್ರತಿಯೊಬ್ಬರೂ ಇದು ತನಗೊಬ್ಬನಿಗೇ ಬಂದ ಕಷ್ಟವೆಂದುಕೊಂಡಿದ್ದರು. ಒಟ್ಟು ಸೇರಿದಾಗಲೇ ನಿಜ ಹೊರಬಂತು. ಕಾರ್ಮಿಕರ ಕೂಟಕ್ಕೆ ಇದು ಮರೆಯಬಾರದ ಪಾಠ.

ಹಾಗಾದರೆ ಹೊಸದು ಬೇಡವೇ? ಹಾಗೆ ನಾನು ಹೇಳುವುದಿಲ್ಲ. ಲೆಕ್ಕ ಒಂದೇ ಕಡೆ ಇದ್ದರೆ ಬಡವನಿಗೂ ಪ್ರಯೋಜನವುಂಟು. ಪ್ರಾವಿಡೆಂಟ್ ಫಂಡಿನ ಪೆನ್ಶನ್ನನ್ನೇ ನೋಡಿರಿ. ಮೊದಲು ಒಂದೊಂದು ಪ್ರಾಂತ ಕಚೇರಿಯೂ ಮೂರು ನಾಲ್ಕು ಬ್ಯಾಂಕುಗಳೊಂದಿಗೆ ಮಾತ್ರ ಒಪ್ಪಂದ ಮಾಡಿಕೊಂಡು ಪೆನ್ಶನ್ ಕೊಡುತ್ತಿತ್ತು. ತೋಟ ಬಿಟ್ಟು ಬೇರೆ ರಾಜ್ಯದ ಹುಟ್ಟೂರಿಗೆ ಹೋದವರು ಪೆನ್ಶನ್ ಆದೇಶವನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗ ಮಾಡಿಸಬೇಕಾಗಿತ್ತು. 2024ರ ಅಕ್ಟೋಬರಿನಲ್ಲಿ ಜಮ್ಮು, ಶ್ರೀನಗರ, ಕರ್ನಾಲ್ ಕಚೇರಿಗಳಲ್ಲಿ ಪರೀಕ್ಷೆ ಮಾಡಿ, 2025ರ ಜನವರಿಯ ಹೊತ್ತಿಗೆ ದೇಶದ ಎಲ್ಲ ಪ್ರಾಂತ ಕಚೇರಿಗಳನ್ನೂ ಒಂದೇ ಕೇಂದ್ರ ಪಾವತಿ ಏರ್ಪಾಟಿಗೆ ತಂದರು. 68 ಲಕ್ಷಕ್ಕಿಂತ ಹೆಚ್ಚು ಪೆನ್ಶನ್‌ದಾರರು ಅದರಲ್ಲಿ ಸೇರಿದರು. ವಾಲ್ಪಾರೆಯಲ್ಲಿ ದುಡಿದವರು ಅನ್ನೂರಿನಲ್ಲಿ ನೆಲೆಸಿದರೂ ಚಾಮರಾಜನಗರಕ್ಕೆ ಹೋದರೂ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಿಯಾದರೂ ಪೆನ್ಶನ್ ಪಡೆಯಬಹುದೆಂದಾಯಿತು. ಇದು ದೊಡ್ಡ ಉಪಕಾರ. ದೇವರಿಗೆ ಸ್ತೋತ್ರ ಹೇಳೋಣ.

ಆದರೆ ಒಂದು ಮಾತು. ಲೆಕ್ಕ ಮನೆ ಬದಲಿಸುವಾಗ ತಪ್ಪೂ ಜೊತೆಗೆ ಹೋಗುತ್ತದೆ. ಹಳೆಯ ಪುಸ್ತಕದಲ್ಲಿ ಹೆಸರು ತಪ್ಪಿದ್ದರೆ ಹೊಸ ಯಂತ್ರವು ಅದನ್ನು ಇನ್ನೂ ಚೊಕ್ಕಟವಾಗಿ, ಇನ್ನೂ ವೇಗವಾಗಿ ತಪ್ಪಾಗಿಯೇ ತೋರಿಸುತ್ತದೆ. ಹಿಂದೆ ಪರಿಚಯದ ರೈಟರು, ಇವಳು ನಮ್ಮ ಮೂರನೆಯ ಲೈನಿನವಳೇ ಎಂದು ಮುಖ ನೋಡಿ ಹೇಳುತ್ತಿದ್ದರು. ಯಂತ್ರಕ್ಕೆ ಮುಖ ಗೊತ್ತಿಲ್ಲ. ಅದಕ್ಕೆ ಅಕ್ಷರ ಮಾತ್ರ ಗೊತ್ತು.

ನಮ್ಮ ಕುಟುಂಬಗಳಲ್ಲಿ ಈ ತೊಂದರೆ ಬೇರೆಯವರಿಗಿಂತ ಹೆಚ್ಚು. ಅನೇಕರಿಗೆ ಮನೆಯ ಹೆಸರೊಂದು, ದೀಕ್ಷಾಸ್ನಾನದ ಹೆಸರೊಂದು. ತೋಟದ ಚೆಕ್‌ರೋಲಿನಲ್ಲಿ ಮನೆಯ ಹೆಸರು, ಆಧಾರ್ ಚೀಟಿಯಲ್ಲಿ ದೀಕ್ಷಾಸ್ನಾನದ ಹೆಸರು. ತಮಿಳುನಾಡಿನಲ್ಲಿ ಹೆಸರಿನ ಹಿಂದೆ ತಂದೆಯ ಒಂದಕ್ಷರ ಬರೆಯುತ್ತಾರೆ. ಕರ್ನಾಟಕದ ಕಾಗದದಲ್ಲಿ ಆ ಅಕ್ಷರ ಇರುವುದಿಲ್ಲ, ಅಥವಾ ಊರಿನ ಅಕ್ಷರ ಇರುತ್ತದೆ. ಇಲ್ಲಿ ರತ್ನಮ್ಮಾಳ್, ಅಲ್ಲಿ ರತ್ನಮ್ಮ. ಹುಟ್ಟಿದ ದಿನವನ್ನು ಹಿಂದಿನವರು ಅಂದಾಜಿನಲ್ಲಿ ಬರೆಸಿದ್ದಾರೆ. ದುಡಿದ ಮೈ ಒಂದೇ. ಕಾಗದದಲ್ಲಿ ಮಾತ್ರ ಇಬ್ಬರು ಮೂವರು. ಮೂವತ್ತು ವರ್ಷ ಬೆನ್ನ ಮೇಲೆ ಎಲೆ ಹೊತ್ತ ತಾಯಿ ಕೌಂಟರಿನ ಮುಂದೆ ನಿಂತು, ನಾನೇ ಆಕೆ ಎಂದು ರುಜುವಾತು ಕೊಡಬೇಕಾಗುತ್ತದೆ.

ಸತ್ಯವೇದದಲ್ಲಿ ಇದೂ ಇದೆ. ಎಜ್ರನ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ, ಮೊದಲೇ ಹಿಂದಿರುಗಿದವರಲ್ಲಿ ಕೆಲವು ಯಾಜಕ ಕುಟುಂಬಗಳು ವಂಶಾವಳಿಯ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಿದರು, ಸಿಕ್ಕಲಿಲ್ಲ. ಆದ್ದರಿಂದ ಅವರು ಯಾಜಕ ಸೇವೆಯಿಂದ ಹೊರಗೆ ಉಳಿದರು. ಊರೀಮ್ ತುಮ್ಮೀಮ್ ಉಳ್ಳ ಯಾಜಕನು ಬರುವ ತನಕ ಕಾಯಬೇಕೆಂದು ದೇಶಾಧಿಪತಿಯು ಹೇಳಿದನು. ಅವರು ಸುಳ್ಳುಗಾರರೆಂದು ಅಲ್ಲಿ ಬರೆದಿಲ್ಲ. ಪಟ್ಟಿ ಸಿಕ್ಕಲಿಲ್ಲ, ಅಷ್ಟೇ. ಪಟ್ಟಿ ಸಿಕ್ಕದವನ ನೋವು ಎರಡೂವರೆ ಸಾವಿರ ವರ್ಷ ಹಳೆಯದು.

ಆದ್ದರಿಂದ ನಾವು ಮಾಡಬೇಕಾದದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು, ಹಳೆಯ ಕಾಗದವನ್ನು ಎಸೆಯಬೇಡಿರಿ. ಹಳೆಯ ಪಾಸ್‌ಬುಕ್, ಸಂಬಳದ ಚೀಟಿ, ಪಿ.ಎಫ್. ನಂಬರಿರುವ ಕಾಗದ, ಕೆಲಸಕ್ಕೆ ಸೇರಿದ ವರ್ಷದ ದಾಖಲೆ, ದೀಕ್ಷಾಸ್ನಾನದ ಪತ್ರ ಎಲ್ಲವನ್ನೂ ಒಂದು ಚೀಲದಲ್ಲಿಟ್ಟು ಮಳೆ, ಗೆದ್ದಲು ತಾಕದ ಕಡೆ ಇಡಿರಿ. ಅದು ನಮ್ಮ ಈಚೆ ದಡದ ತೂಕ. ಅದಿಲ್ಲದೆ ಆಚೆ ದಡದಲ್ಲಿ ಕಡಿಮೆ ಬಂತೆಂದು ಯಾವ ಬಾಯಿಂದ ಹೇಳುವುದು?

ಎರಡನೆಯದು, ಹೊಸ ಲೆಕ್ಕವನ್ನು ನೋಡಿರಿ. ಪಾಸ್‌ಬುಕ್ಕಿನಲ್ಲಿ ಬಾಕಿ ಮುದ್ರಿಸಿಕೊಡಿರೆಂದು ಕೇಳಿರಿ. ಪಿ.ಎಫ್. ಸದಸ್ಯರಿಗೆ 2014ರಿಂದ ಕೊಡುತ್ತಿರುವ 12 ಅಂಕಿಯ ಯು.ಎ.ಎನ್. ನಂಬರನ್ನು ಬರೆದಿಟ್ಟುಕೊಳ್ಳಿರಿ. ಹೆಸರು, ಹುಟ್ಟಿದ ದಿನ, ಸೇರಿದ ದಿನ, ನಾಮಿನಿಯ ಹೆಸರು, ಈ ನಾಲ್ಕನ್ನೂ ಆಧಾರ್ ಚೀಟಿಯ ಪಕ್ಕದಲ್ಲಿಟ್ಟು ಓದಿಸಿರಿ. ನಿಮಗೆ ಓದು ಬಾರದಿದ್ದರೆ ಮಕ್ಕಳು ಓದಲಿ. ಆದರೆ ಫೋನಿಗೆ ಬರುವ ಗುಟ್ಟಿನ ಅಂಕಿಯನ್ನು ಯಾರಿಗೂ, ಸಹಾಯ ಮಾಡುತ್ತೇನೆಂದು ಬಂದವರಿಗೂ, ಹೇಳಬೇಡಿರಿ.

ಮೂರನೆಯದು, ತಪ್ಪಿದ್ದರೆ ಈಗಲೇ ತಿದ್ದಿಸಿರಿ. ಪಿ.ಎಫ್.ನಲ್ಲಿ ಹೆಸರು, ಹುಟ್ಟಿದ ದಿನ ತಿದ್ದಿಸಲು ಕಾರ್ಮಿಕನೂ ಮಾಲೀಕನೂ ಒಟ್ಟಾಗಿ ಕೊಡುವ ಹೇಳಿಕೆ ಒಂದುಂಟು. ಅದಕ್ಕೆ ತೋಟದ ಆಫೀಸಿನ ಸಹಿ ಬೇಕಾಗುವುದುಂಟು. ತೋಟ ನಡೆಯುತ್ತಿರುವಾಗ, ಹಳೆಯ ಚೆಕ್‌ರೋಲು ಬೀರುವಿನಲ್ಲಿರುವಾಗ, ನಿಮ್ಮನ್ನು ಬಲ್ಲ ಗುಮಾಸ್ತರು ಕುರ್ಚಿಯಲ್ಲಿರುವಾಗ ಇದು ಒಂದು ದಿನದ ಕೆಲಸ. ತೋಟ ಮಾರಿಹೋದ ಮೇಲೆ, ಆಫೀಸು ಮುಚ್ಚಿದ ಮೇಲೆ ಇದೇ ಕೆಲಸ ವರ್ಷಗಟ್ಟಲೆ ಅಲೆಸುತ್ತದೆ. ಪೆನ್ಶನ್ನಿಗೆ ಹತ್ತು ವರ್ಷದ ಸೇವೆ ಬೇಕು. ಲೆಕ್ಕದಲ್ಲಿ ಒಂದು ವರ್ಷ ತಪ್ಪಿಹೋದರೆ ಅದು ಅಂಕಿಯ ತಪ್ಪಷ್ಟೇ ಅಲ್ಲ, ಮುದುಕಿಯ ಗಂಜಿ.

ನಾಲ್ಕನೆಯದು, ಒಬ್ಬರೇ ಹೋಗಬೇಡಿರಿ, ಸಿಟ್ಟಿನಿಂದ ಹೋಗಬೇಡಿರಿ. ಯೆರೂಸಲೇಮಿನಲ್ಲಿ ತೂಗುವಾಗ ಸಾಕ್ಷಿಗಳು ಜೊತೆಯಲ್ಲಿ ನಿಂತರು. ನಮ್ಮ ಓದಿದ ಯುವಕ ಯುವತಿಯರು ಆ ಲೇವಿಯರ ಕೆಲಸ ಮಾಡಲಿ. ಹಾಡು ಕಲಿಸುವಷ್ಟೇ ಪವಿತ್ರ ಸೇವೆ ಇದು. ಕೌಂಟರಿನ ಆಚೆ ಕುಳಿತವರೂ ನಮ್ಮಂತೆಯೇ ಕೂಲಿಯಿಂದ ಬದುಕುವವರು. ಹೊಸ ತಂತ್ರಾಂಶವನ್ನು ಅವರೂ ಹೊಸದಾಗಿ ಕಲಿತವರೇ. ತಂತಿ ಕಡಿದ ದಿನ ಬೈಗುಳ ತಿನ್ನುವವರು ಅವರೇ. ಕೇಳುವುದನ್ನು ವಿನಯದಿಂದ ಕೇಳಿರಿ, ಆದರೆ ಉತ್ತರ ಸಿಕ್ಕುವ ತನಕ ಕೇಳಿರಿ. ಅರ್ಜಿ ಕೊಟ್ಟರೆ ಪಡೆದುದಕ್ಕೆ ಸಹಿ ಹಾಕಿಸಿಕೊಳ್ಳಿರಿ.

ಎಲ್ಲ ದೇವರ ಚಿತ್ತ, ನಮಗೇಕೆ ಈ ಲೆಕ್ಕ ಎನ್ನುವ ಭಕ್ತರು ಕೆಲವರಿದ್ದಾರೆ. ಅವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಕೊಯ್ಲಿನವರ ತಡೆಹಿಡಿದ ಕೂಲಿಯು ದೇವರ ಕಿವಿಗೆ ಮುಟ್ಟುವುದೆಂದು ಯಾಕೋಬನು ತನ್ನ ಪತ್ರದಲ್ಲಿ ಬರೆದಿದ್ದಾನೆ. ದೇವರು ಕೂಲಿಯ ಲೆಕ್ಕವನ್ನು ಅಷ್ಟು ದೊಡ್ಡದೆಂದು ಎಣಿಸಿದ ಮೇಲೆ ನಾವು ಅದನ್ನು ಸಣ್ಣದೆನ್ನಬಹುದೇ? ಪರಲೋಕದಲ್ಲಿ ನಮ್ಮ ಹೆಸರು ಬರೆದಿರುವ ಪುಸ್ತಕಕ್ಕೆ ಗೆದ್ದಲು ಹತ್ತದು, ಅದನ್ನು ಸಾಗಿಸಬೇಕಾದದ್ದೂ ಇಲ್ಲ. ಭೂಮಿಯ ಪುಸ್ತಕಗಳು ಹಾಗಲ್ಲ. ಅವು ಹಳೆಯದಾಗುತ್ತವೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ. ಅವುಗಳ ದಾರಿಯುದ್ದಕ್ಕೂ ಎಚ್ಚರವಾಗಿರುವ ಕೆಲಸವನ್ನು ದೇವರು ನಮ್ಮ ಕೈಗೆ ಕೊಟ್ಟಿದ್ದಾನೆ.

ಮುಂದಿನ ಕೂಟಕ್ಕೆ ಬರುವಾಗ ಸತ್ಯವೇದದ ಜೊತೆಗೆ ನಿಮ್ಮ ಪಾಸ್‌ಬುಕ್ಕನ್ನೂ ಪಿ.ಎಫ್. ಕಾಗದವನ್ನೂ ತನ್ನಿರಿ. ಆರಾಧನೆಯ ನಂತರ ಯುವಕರು ಕುಳಿತು ಒಂದೊಂದಾಗಿ ಓದಿ ಹೇಳುವರು. ಹೆಸರು ಸರಿಯಾಗಿರುವವರು ಸ್ತೋತ್ರ ಹೇಳಿರಿ. ತಪ್ಪಿರುವವರ ಜೊತೆ ಉಳಿದವರು ಹೊರಟು ನಿಲ್ಲಿರಿ.

ಎಜ್ರನನ್ನೂ ಅವನ ಜೊತೆಯವರನ್ನೂ ದಾರಿಯಲ್ಲಿ ಕಾಪಾಡಿ, ತೂಕದಲ್ಲಿ ಕೊರತೆಯಿಲ್ಲದೆ ಮುಟ್ಟಿಸಿದ ದೇವರು ನಿಮ್ಮ ದುಡಿಮೆಯ ಫಲವನ್ನೂ ಕಾಯಲಿ. ಆಮೆನ್.